ಶಾಯಿ ಬಾಟಲಿಗೆ ಆಸರೆಯಾದ ಡಬ್ಬಿ

ನಾನು ಒಂದು ತಗಡಿನ ಡಬ್ಬಿ. ಎತ್ತರ ಅರ್ಧ ಗೇಣು. ಮೈಮೇಲೆ ಒಂದು ಕಾಲಕ್ಕೆ ಇಡೀ ನವಿಲಿತ್ತು, ಈಗ ಬಾಲದ ಎರಡು ಗರಿ ಮಾತ್ರ ಉಳಿದಿವೆ. ಯಾವುದೋ ಕಾರ್ಖಾನೆಯಲ್ಲಿ ತಗಡು ಬಾಗಿಸಿ ನನ್ನನ್ನು ಮಾಡಿದರು, ಹೊಟ್ಟೆಗೆ ನೀಲಿ ಬಣ್ಣದ ಪುಡಿ ತುಂಬಿದರು, ಬಾಯಿ ಮುಚ್ಚಿ ಲಾರಿ ಹತ್ತಿಸಿದರು. ಮುಚ್ಚಳ ತೆರೆದು ಬೆಳಕು ಕಂಡಾಗ ಎದುರಿಗಿದ್ದದ್ದು ಕಾಶವ್ವನ ಮುಖ.

ಕಾಶವ್ವ ನೀಲಗಾರ ನಮ್ಮೂರ ಕೈಮಗ್ಗಗಳ ನೂಲಿಗೆ ಬಣ್ಣ ಹಾಕುವವಳು. ಎರಡೂ ಕೈ ಮಣಿಕಟ್ಟಿನವರೆಗೆ ಸದಾ ನೀಲಿ. ಹಂಡೆಯ ರಂಗು ಹದಕ್ಕೆ ಬಂದಿದೆಯೋ ಇಲ್ಲವೋ ನೋಡಲು ಎಡಗೈಯ ನಡುಬೆರಳನ್ನು ಅದ್ದಿ, ಉಗುರಿನ ಮೇಲೆ ನಿಂತ ಬಣ್ಣವನ್ನು ಬಿಸಿಲಿಗೆ ಹಿಡಿಯುತ್ತಿದ್ದಳು. ಹೀಗೆ ಅವಳು ಹೂಂ ಎಂದ ಮೇಲೆಯೇ ನೂಲು ಹಂಡೆಗೆ ಇಳಿಯಬೇಕು. ಅವಳ ಲೆಕ್ಕ ತಪ್ಪಿದ್ದನ್ನು ನಾನಂತೂ ಕಂಡಿಲ್ಲ.

ನನ್ನ ಹೊಟ್ಟೆ ಬರಿದಾದ ದಿನಗಳಲ್ಲಿ ಪಕ್ಕದ ಓಣಿಯ ಸರ್ಕಾರಿ ಶಾಲೆಯ ದಿಲ್‌ಶಾದ್ ಟೀಚರ್ ಮನೆಗೆ ಬಂದರು. ಮತದಾರರ ಪಟ್ಟಿಯ ಕೆಲಸವೂ ಅವರ ಕೊರಳಿಗೇ ಬಿದ್ದಿತ್ತು. ಹೆಸರು ಬರೆದುಕೊಂಡು ಏಳುವಾಗ ನನ್ನನ್ನು ನೋಡಿ, "ಕಾಶವ್ವ, ಈ ಡಬ್ಬಿ ಸೀಮೆಸುಣ್ಣ ಇಡಾಕ ಕೊಡ್ತೀರೇನು?" ಎಂದರು. "ಒಯ್ರಿ, ತೊಳದ ಒಯ್ರಿ. ಇಲ್ಲಾಂದ್ರ ಹುಡುಗೂರೆಲ್ಲ ನೀಲಿ ಆಗ್ತಾರ" ಎಂದಳು ಕಾಶವ್ವ. ಹೀಗೆ ನಾನು ಶಾಲೆ ಸೇರಿದೆ.

ಟೀಚರ್ ಒಳ್ಳೆಯವರು, ಆದರೆ ಒಮ್ಮೆ ಎಡವಿದರು. ನಮ್ಮ ಕಾಶವ್ವನ ಓಣಿಯಲ್ಲೇ ಇನ್ನೊಬ್ಬಳು ಕಾಶವ್ವ ಇದ್ದಳು. ಇಬ್ಬರ ಗಂಡಂದಿರ ಹೆಸರೂ ಬಸಪ್ಪ. ಆಕೆ ತೀರಿಕೊಂಡಾಗ ಟೀಚರ್ ಗಡಿಬಿಡಿಯಲ್ಲಿ ನಮ್ಮ ಕಾಶವ್ವನ ಹೆಸರಿನ ಮೇಲೆ ಗೆರೆ ಎಳೆದುಬಿಟ್ಟರು. ವಿಧಾನಸಭೆ ಚುನಾವಣೆಯ ದಿನ ಕಾಶವ್ವ ಹೊಸ ಸೀರೆ ಉಟ್ಟು ಬಂದರೆ, "ನೀವು ತೀರಿಕೊಂಡೀರಿ ಅಂತ ಐತಲ್ಲಬೇ" ಎಂದು ಹಿಂದಕ್ಕೆ ಕಳಿಸಿದರು. ಆವತ್ತು ಸಂಜೆ ಟೀಚರ್ ಮೇಜಿಗೆ ಹಣೆ ಹಚ್ಚಿ ಕೂತಿದ್ದರು. ಅವರ ಕಣ್ಣೀರು ಪಟ್ಟಿಯ ಮೇಲೆ ಬೀಳುವುದನ್ನು ನಾನು ನೋಡಿದೆ.

ಮರುವಾರದಿಂದ ಟೀಚರೇ ಅವಳ ಜೊತೆ ತಾಲ್ಲೂಕು ಕಚೇರಿಗೆ ಅಲೆದರು. ಮೂರನೆಯ ಸಲವೂ ಗುಮಾಸ್ತ ನಾಳೆ ಬನ್ನಿ ಎಂದಾಗ ಕಾಶವ್ವ, "ನಾ ಸತ್ತೀನಿ ಅಂದ್ರ, ಮೂರ ಸಲ ನಿಮ್ಮ ಬಾಗಲಾ ತುಳದಾಕಿ ಯಾರ್ರೀ?" ಎಂದಳಂತೆ. ಟೀಚರ್ ಇದನ್ನು ನಗುತ್ತಾ ಹೇಳುವುದನ್ನು ಕೇಳಿ ನನ್ನೊಳಗಿನ ಸೀಮೆಸುಣ್ಣವೆಲ್ಲ ಕುಣಿಯಿತು. ಕೊನೆಗೆ ಹೆಸರು ಮತ್ತೆ ಪಟ್ಟಿಗೆ ಬಂತು, ಆದರೆ ಆ ಹೊತ್ತಿಗೆ ಪುರಸಭೆ ಚುನಾವಣೆ ಮುಗಿದುಹೋಗಿತ್ತು.

ಅಷ್ಟರಲ್ಲಿ ನಮ್ಮ ಶಾಸಕರು ಅವಧಿಯ ನಡುವೆಯೇ ತೀರಿಕೊಂಡು ಉಪಚುನಾವಣೆ ಬಂತು. ನಮ್ಮ ಶಾಲೆಯೇ ಮತಗಟ್ಟೆ. ಬೆರಳಿಗೆ ಹಚ್ಚುವ ಶಾಯಿಯ ಬಾಟಲಿ ಹೆಬ್ಬೆರಳಿನಷ್ಟು. ಮೇಲಿನಿಂದ ಕೊಟ್ಟಿದ್ದ ಪ್ಲಾಸ್ಟಿಕ್ ಲೋಟದಲ್ಲಿಟ್ಟರೆ ಫ್ಯಾನಿನ ಗಾಳಿಗೇ ಉರುಳುತ್ತಿತ್ತು. ಟೀಚರ್ ನನ್ನೊಳಗಿನ ಸೀಮೆಸುಣ್ಣ ಸುರುವಿ, ಉದ್ದ ಜಿಗಿತದ ಗುಂಡಿಯ ಮರಳು ತುಂಬಿ, ಬಾಟಲಿಯನ್ನು ಅದರಲ್ಲಿ ನೆಟ್ಟರು. ನನಗೆ ಬಂದ ಗತ್ತು ಕೇಳಬೇಡಿ. ಊರಿಗೆ ಊರೇ ನನ್ನ ಮುಂದೆ ಕೈ ಚಾಚಬೇಕಲ್ಲ!

ಆರು ವಾರದ ಹಿಂದೆಯಷ್ಟೇ ಪುರಸಭೆ ಚುನಾವಣೆ ನಡೆದಿತ್ತು. ಎಲ್ಲರ ತೋರುಬೆರಳಲ್ಲಿ ಆ ಗುರುತು ಇನ್ನೂ ಅಳಿಸಿರಲಿಲ್ಲ. ಹಾಗಾಗಿ ಈ ಸಲ ಶಾಯಿ ಎಡಗೈಯ ನಡುಬೆರಳಿಗೆ ಎಂದು ಆದೇಶವಿತ್ತು.

ಮೂರೂವರೆಗೆ ಕಾಶವ್ವ ಬಂದಳು. ಮದುವೆ ಸೀರೆಯ ನೂಲು ಹಂಡೆಯಲ್ಲಿತ್ತು. ಬೆಂದ ರಂಗನ್ನು ಬಿಟ್ಟು ಬರುವಂತಿಲ್ಲ. ಕೆಲಸ ಮುಗಿಸಿ, ಕೈ ತೊಳೆದು ಬಂದರೂ ನೀಲಿ ನೀಲಿಯೇ. ನಡುಬೆರಳ ಉಗುರಂತೂ ಕಪ್ಪೇ ಆಗಿತ್ತು.

"ಸಾಹೇಬ್ರ, ನಡುಬಳ್ಳು ನೋಡ್ರಿ. ಆಗಲೇ ವೋಟ ಹಾಕ್ಯಾಳ ಈಕಿ" ಎಂದು ಹಿಂದೆ ಕೂತಿದ್ದ ಪಕ್ಷದ ಏಜೆಂಟ ಎದ್ದುನಿಂತ.

"ಇದು ನೂಲಿನ ರಂಗೋ ತಮ್ಮಾ!"

ಮತಗಟ್ಟೆಯ ಅಧ್ಯಕ್ಷಾಧಿಕಾರಿ ಹೊಸಮನಿಯವರು ಪರ ಊರಿನವರು. ಬಣ್ಣದವರ ಕೈ ಕಂಡವರಲ್ಲ. "ಪಟ್ಟಿಯೊಳಗ ನಿಮ್ಮ ಹೆಸರಿನ ಮುಂದ ವೋಟ ಹಾಕಿದ ಗುರುತಿಲ್ಲ, ಖರೆ. ಆದ್ರ ಈ ರಂಗಿನ ಅಡಿಯಾಗ ಶಾಯಿ ಇಲ್ಲಾಂತ ನಾ ಹೆಂಗ ಹೇಳ್ಲಿ? ಬೆರಳು ಕಾಣಬೇಕಲ್ಲಬೇ" ಎಂದರು. ಆ ಬಣ್ಣ ನನ್ನ ಹೊಟ್ಟೆಯಲ್ಲೇ ಮಲಗಿತ್ತು, ಅದರ ಗುಣ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ದೇವರು ನನಗೆ ಬಾಯಿ ಕೊಟ್ಟನೇ ಹೊರತು ನಾಲಿಗೆ ಕೊಡಲಿಲ್ಲ.

ಕಾಶವ್ವ ಜಗಳ ಆಡಲಿಲ್ಲ. ಅಧಿಕಾರಿಯ ಮುಖವನ್ನೇ ನೋಡಿ, "ನನ್ನ ರಂಗು ಹೋಗತೈತ್ರಿ, ನಿಮ್ಮ ಶಾಯಿ ಹೋಗೂದಿಲ್ಲ. ರಂಗು ತಗೀಯೂ ಪುಡಿ ಮನ್ಯಾಗೈತಿ. ಬೆರಳು ಬೆಳ್ಳಗಾದ್ರ ಬಿಡ್ತೀರಿಲ್ಲ?" ಎಂದು ಕೇಳಿದಳು. "ಆರರೊಳಗ ಸಾಲಿನ್ಯಾಗ ಇರ್ರಿ, ಬಿಡ್ತೀನಿ" ಎಂದರು ಅವರು.

ನಾಲ್ಕಾಯಿತು, ಐದಾಯಿತು. ಕೈಗಳು ಬಂದವು, ಹೋದವು. ನನ್ನ ಗಮನವೆಲ್ಲ ಗಡಿಯಾರದ ಮೇಲೆ. ಹೊರಗೆ ಟೀಚರ್ ಗೇಟಿಗೂ ರಸ್ತೆಗೂ ಓಡಾಡುತ್ತಿದ್ದರು. ಆರಕ್ಕೆ ಎರಡು ನಿಮಿಷ ಇರುವಾಗ, "ಬಂದ್ರು! ಬಂದ್ರು!" ಎಂದು ಕೂಗಿದರು. ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ ಬಂದ ಕಾಶವ್ವ ಸಾಲಿನ ತುದಿಯಲ್ಲಿ ನಿಂತದ್ದೇ ಗೇಟು ಮುಚ್ಚಿತು.

ಆಗ ಸಾಲಿನಲ್ಲಿ ಇರುವವರಿಗೆ ಚೀಟಿ ಹಂಚುವ ಪದ್ಧತಿ. ನಡುವೆ ಯಾರೂ ನುಸುಳದಿರಲಿ ಎಂದು ಹಿಂದಿನಿಂದ ಹಂಚುತ್ತಾರೆ. ಹೀಗಾಗಿ ಎಲ್ಲರಿಗಿಂತ ಕೊನೆಗೆ ಬಂದ ಕಾಶವ್ವನಿಗೆ ಒಂದನೇ ನಂಬರಿನ ಚೀಟಿ ಸಿಕ್ಕಿತು.

ಚೀಟಿ ಒಂದನೆಯದಾದರೂ ಅವಳ ಸರದಿ ಬಂದದ್ದು ಎಲ್ಲರೂ ಮುಗಿದ ಮೇಲೆಯೇ. ಕಾಶವ್ವ ಕೈ ಚಾಚಿದಳು. ಅಬ್ಬಾ, ಆ ಕೈ! ಬಿಸಿನೀರಿಗೂ ಪುಡಿಗೂ ಸುಕ್ಕುಗಟ್ಟಿ ಚರ್ಮ ಕೆಂಪಾಗಿತ್ತು, ಉಗುರುಗಳು ಮಾತ್ರ ಸುಣ್ಣದ ಹಾಗೆ ಬೆಳ್ಳಗೆ. ಏಜೆಂಟ ಬಗ್ಗಿ ನಡುಬೆರಳು ನೋಡಿದ, ಪಕ್ಕದ ಬೆರಳನ್ನೂ ನೋಡಿದ. "ತೋರಬಳ್ಳಿಗೂ ಗುರುತಿಲ್ಲಲ್ಲಬೇ? ಪುರಸಭಾಕ್ಕ ವೋಟ ಹಾಕಿಲ್ಲೇನು?"

"ಆಗ ನಾ ಸತ್ತಿದ್ನೆಪಾ!"

ಇಡೀ ಕೋಣೆ ನಕ್ಕಿತು. ಹೊಸಮನಿಯವರೂ ನಕ್ಕರು. ಏಜೆಂಟ ತಲೆ ತಗ್ಗಿಸಿ, "ತಪ್ಪಾತಬೇ" ಎಂದ. "ಇರಲಿ ಬಿಡು ತಮ್ಮಾ. ನನ್ನ ಕೈ ಬಣ್ಣ ಹೆಂಗೈತಿ ಅಂತ ನಲವತ್ತ ವರ್ಷದ ಮ್ಯಾಲ ನೋಡಿದೆ" ಎಂದಳು ಕಾಶವ್ವ. ಶಾಯಿಯ ಕಡ್ಡಿ ಉಗುರಿನ ಮೇಲೆ ಇಳಿಯಿತು. ಅವಳು ಒಳಗೆ ಹೋಗುವ ಬದಲು ಕಿಟಕಿಯ ಬೆಳಕಿಗೆ ಬೆರಳು ಹಿಡಿದು, ಹಂಡೆಯ ರಂಗು ನೋಡುವಂತೆಯೇ ನೋಡಿದಳು.

"ಹೂಂ. ಪಕ್ಕಾ ರಂಗು" ಎಂದು ಒಪ್ಪಿಗೆ ಕೊಟ್ಟು ಮತ ಹಾಕಲು ನಡೆದಳು. ಕಡ್ಡಿಯಿಂದ ಒಂದು ಹನಿ ನನ್ನ ಅಂಚಿಗೂ ಬಿದ್ದಿತ್ತು.

ಯಾರು ಗೆದ್ದರೋ ಡಬ್ಬಿಗೇಕೆ? ಮತ್ತೆ ಸೀಮೆಸುಣ್ಣ ಹೊತ್ತೆ, ತಳಕ್ಕೆ ತುಕ್ಕು ಹಿಡಿದ ಮೇಲೆ ಪೆನ್ನು ಹೊತ್ತೆ. ಎರಡು ವರ್ಷ ಕಳೆದು ಒಂದು ಮಧ್ಯಾಹ್ನ ಕಾಶವ್ವನ ಮಗ ಮುರಿಗೆಪ್ಪ ತಲೆ ಬೋಳಿಸಿಕೊಂಡು ಶಾಲೆಗೆ ಬಂದ. ಕೈಯಲ್ಲಿ ಹೆಸರು ತೆಗೆಸುವ ಫಾರಂ ಇತ್ತು. ಟೀಚರ್ ನನ್ನಿಂದ ಪೆನ್ನು ತೆಗೆದು, ಫಾರಂ ಓದಿ, ಪೆನ್ನನ್ನು ಮತ್ತೆ ನನ್ನೊಳಗೇ ಇಟ್ಟರು.

"ಬರೀರಿ ಟೀಚರ್. ಈ ಸಲ ಖರೇನ ಹೋದ್ಳು."

ಟೀಚರ್ ಮನೆ ನಂಬರು, ಗಂಡನ ಹೆಸರು, ವಯಸ್ಸು, ಎಲ್ಲವನ್ನೂ ಮೂರು ಮೂರು ಸಲ ಗಟ್ಟಿಯಾಗಿ ಓದಿದರು. ಆಮೇಲೆ ಗೆರೆ ಎಳೆದರು.

ಈಗ ನಾನು ಬೀರುವಿನ ಮೇಲೆ, ಹರಿದ ನಕಾಶೆಗಳ ಪಕ್ಕ ಇದ್ದೇನೆ. ನವಿಲು ಪೂರ್ತಿ ಹೋಗುವ ಕಾಲ ಬಂದಿದೆ. ನನ್ನೊಳಗೆ ಇದ್ದ ನೀಲಿಯ ಗುರುತೂ ಉಳಿದಿಲ್ಲ. ಅಂಚಿನ ಮೇಲೆ ಬಿದ್ದ ಆ ಒಂದು ಹನಿ ಮಾತ್ರ ಹಾಗೇ ಇದೆ. ಕಾಶವ್ವ ಹೇಳಿದ್ದು ಸರಿ. ಅದು ಪಕ್ಕಾ ರಂಗು.