ಸಾಹುಕಾರರ ಪಾಲಿನ ಜೈಲು

"ಬೋಳಿಮಗನೆ, ಜೈಲೂಟ ತಿಂದು ಕೊಬ್ಬಿದ್ಯೇನೋ? ಚಪ್ಪಲಿ ಬಿಟ್ಟು ನಿಲ್ಲೋ!"

ಎಸ್ಟೇಟ್ ಸಾಹುಕಾರ ರೇಣುಕಪ್ರಸಾದರು ಜಗಲಿಯ ಮೇಲಿಂದ ಕೂಗಿದರು. ಕಣದಲ್ಲಿ ಕಾಫಿ ಹರವುತ್ತಿದ್ದ ನಮ್ಮೆಲ್ಲರ ಕೈ ನಿಂತಿತು. ಅಂಗಳದಲ್ಲಿ ನಿಂತಿದ್ದ ಗಿರಿ ಚಪ್ಪಲಿ ಬಿಡಲಿಲ್ಲ.

"ಚಪ್ಪಲಿ ವಿಷಯ ಆಮೇಲೆ ನೋಡುವ ಸಾರ್. ಭೂತಯ್ಯಣ್ಣನ್ನ ಕೊಂದಿದ್ದು ನಾವಿಬ್ರು. ಜೀಪು ಹತ್ಸಿದ್ದು ನಾನು, ಹತ್ಸು ಅಂದಿದ್ದು ನೀವು. ನನ್ನ ಪಾಲಿನ ಜೈಲು ಮುಗೀತು. ನಿಮ್ಮ ಪಾಲಿಂದಕ್ಕೆ ಯಾವಾಗ ಹೊರಡ್ತೀರಿ?"

ಮದುವೆಗೆ ಯಾವಾಗ ಹೊರಡ್ತೀರಿ ಎಂದು ಕೇಳಿದ ಹಾಗಿತ್ತು. ಯಾರೋ ಕಿಸಕ್ಕೆಂದು ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು. ನಾನು ನಗಲಿಲ್ಲ. ಭೂತಯ್ಯ ನನ್ನಪ್ಪ.

ಬಾಳೂರಿನ ಈ ತೋಟದ ಕೂಲಿಯವರ ಲೈನ್ ಮನೆಗಳಲ್ಲೇ ಹುಟ್ಟಿದವರಿಗೆ ಆ ಮನೆಯಡಿಯ ಜಾಗ ಸ್ವಂತಕ್ಕಾಗಬೇಕು ಎಂದು ಅಪ್ಪ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದ. ಒಂದು ಬೆಳಿಗ್ಗೆ ಕೊಟ್ಟಿಗೆಹಾರದ ರಸ್ತೆಯಲ್ಲಿ ಎಸ್ಟೇಟಿನ ಜೀಪು ಅವನ ಮೇಲೆ ಹರಿಯಿತು. ತನಗೂ ಭೂತಯ್ಯನಿಗೂ ಹಳೇ ಜಗಳ, ಅದಕ್ಕೇ ಹತ್ತಿಸಿದೆ ಎಂದು ಆಗ ಡ್ರೈವರಾಗಿದ್ದ ಗಿರಿ ಕೋರ್ಟಿನಲ್ಲಿ ಒಪ್ಪಿಕೊಂಡ. ಎಂತ ಜಗಳ? ಇಬ್ಬರೂ ಭಾನುವಾರ ಹಳ್ಳದಲ್ಲಿ ಒಟ್ಟಿಗೆ ಏಡಿ ಹಿಡಿಯುತ್ತಿದ್ದವರು. ಜೀವಾವಧಿಯಾಯಿತು. ಸನ್ನಡತೆ ಎಂದು ಈಗ ಬಿಟ್ಟು ಕಳಿಸಿದ್ದರು.

"ತಪ್ಪು ನನ್ನ ಮೇಲೆ ಹಾಕ್ಕೊಂಡ್ರೆ ನಮ್ಮವ್ವನ ಹೆಸ್ರಿಗೆ ಮನೆ ಜಾಗ ಬರೀತೀನಿ ಅಂದಿದ್ರಿ ಸಾರ್," ಅಂದ ಗಿರಿ.

"ಅವ್ಳು ಸತ್ತಳಲ್ಲೋ. ಸುಡುಗಾಡಲ್ಲಿ ಬರ್ಕೊಡ್ಲಾ?"

ಸತ್ತದ್ದು ಹೇಗೆಂದು ನಮಗೆ ಗೊತ್ತಿತ್ತು. ಮಗ ಜೈಲಿಗೆ ಹೋದ ವರ್ಷವೇ ಸಾಹುಕಾರರು ಅವಳ ಮನೆಯ ಮಾಡಿನ ಶೀಟು ಕೀಳಿಸಿದ್ದರು. ಸಂಸೆಯಲ್ಲಿ ಯಾರದೋ ಕೊಟ್ಟಿಗೆಯಲ್ಲಿ ಮುದುಕಿ ಪ್ರಾಣ ಬಿಟ್ಟಳು.

"ಹೋಗು, ಎಲ್ಲಿ ಬೇಕಾದ್ರೂ ಕಂಪ್ಲೇಂಟ್ ಕೊಡು. ಕೊಲೆಗಾರನ ಮಾತು ಯಾವ ನಾಯಿ ಕೇಳುತ್ತೆ ನೋಡ್ತೀನಿ."

ಗಿರಿ ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬಂದ. ಅವ್ವ ಅಕ್ಕಿ ತೊಳೆದ ನೀರನ್ನು ಅವನ ಮುಖಕ್ಕೆ ಎರಚಿದಳು.

"ಗಂಜಿ ಬೆಂದಿರ್ಲಿಲ್ಲ. ನಿನ್ನ ಅದೃಷ್ಟ."

ಅವನು ಮುಖ ಒರೆಸಿಕೊಂಡ. "ಗಿಡ್ಡಮ್ಮಕ್ಕ, ಕ್ಷಮಿಸು ಅಂತ ಬಂದಿಲ್ಲ. ಕೇಸು ಹಾಕುವ ಅಂತ ಬಂದೆ. ನಾ ಹೇಳಿದ್ರೂ ನಂಬಲ್ಲ, ನೀ ಹೇಳಿದ್ರೂ ನಂಬಲ್ಲ. ಇಬ್ರೂ ಒಟ್ಟಿಗೆ ಹೋದ್ರೆ ನಗೋಕಾದ್ರೂ ಒಳಗೆ ಕರೀತಾರೆ."

ಅವ್ವ ಒಳಗೆ ಹೋದಳು. ಅನ್ನಕ್ಕಿಟ್ಟಳು. ಒಲೆ ಊದಿದಳು. "ನಿನ್ನ ಪಕ್ಕ ನಾ ಕೂರಲ್ಲ," ಅಂದಳು ಕೊನೆಗೆ.

"ಬೇಡ. ಸುಕನ್ಯಾ ನಡುವೆ ಕೂರ್ಲಿ."

ಅಪ್ಪನನ್ನು ಕೊಂದವನು ನನ್ನ ಹೆಸರು ಮರೆತಿರಲಿಲ್ಲ. ಅದಕ್ಕೆ ಸಿಟ್ಟಾಗಬೇಕೋ ಬೇಡವೋ ತಿಳಿಯಲಿಲ್ಲ.

ಮಾರನೆ ದಿನ ಮೂವರೂ ಬಸ್ಸಿಗೆ ಕಾಯುತ್ತಿದ್ದೆವು. ಕೆಳಗಿನ ತಿರುವಿನಲ್ಲಿ ಎಸ್ಟೇಟಿನ ಜೀಪು ಬಂದು ನಿಂತಿತು. ಇಂಜಿನ್ ಆಫಾಗಲಿಲ್ಲ. ಗಿರಿ ಅದನ್ನೇ ನೋಡಿದ.

"ನಾನೂ ಹಿಂಗೇ ನಿಲ್ಸ್ಕೊಂಡಿದ್ದೆ," ಅಂದ. "ಅಕ್ಕ, ಧರೆ ಹತ್ತಿ. ಬೇಗ."

ನಾನು ಕಾಫಿ ಗಿಡ ಹಿಡಿದು ರಸ್ತೆ ಬದಿಯ ಧರೆಯ ದಿಬ್ಬ ಹತ್ತಿದೆ. ಗಿರಿ ನಡುರಸ್ತೆಗೆ ಹೋಗಿ, ಬಸ್ಸಿಗೆ ಅಡ್ಡ ಹಾಕುವವನ ಹಾಗೆ ಕೈ ಚಾಚಿ ನಿಂತ. ಜೀಪು ಗರ್ರೆಂದು ಏರತೊಡಗಿತು. ತಿರುಗಿ ನೋಡಿದರೆ ಅವ್ವ ನನ್ನ ಹಿಂದೆ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿರಿಯ ಪಕ್ಕದಲ್ಲೇ ನಿಂತಿದ್ದಳು.

"ಅವ್ವಾ!"

ಟಯರು ಕಿರುಚಿತು. ಜೀಪಿನ ಮೂತಿ ಅವಳ ಸೀರೆಗೆ ತಾಗುವಷ್ಟರಲ್ಲಿ ನಿಂತಿತು. ಸ್ಟೇರಿಂಗ್ ಹಿಡಿದಿದ್ದವನು ಬಾಲರಾಜ್, ಎಸ್ಟೇಟಿನ ಈಗಿನ ಡ್ರೈವರ್.

"ಗಿಡ್ಡಮ್ಮಕ್ಕನ್ನೂ ಹತ್ಸು ಅಂತ ನಂಗೆ ಹೇಳಿರ್ಲಿಲ್ಲ," ಅಂದ, ಅಳುವ ಹಾಗೆ.

ಗಿರಿ ಬಾಗಿಲು ತೆಗೆದ. "ನಿಂಗೆ ಎಂತ ಕೊಡ್ತೀನಿ ಅಂದ್ರು?"

"ಮನೆ ಜಾಗ."

ಗಿರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಜಾಗ ಮಾರಾಯ ಅದು! ಎಷ್ಟು ಜನಕ್ಕೆ ಕೊಟ್ರೂ ಖರ್ಚೇ ಆಗಲ್ಲ! ನಡಿ, ಠಾಣೆಗೆ ಬಿಡು."

ಬಾಲರಾಜ್ ಅವ್ವನ ಮುಖ ನೋಡಿದ. ಆಮೇಲೆ ಗೇರು ಹಾಕಿದ. ನಡುವೆ ಕೂರಲು ಅವ್ವ ನನಗೆ ಹೇಳಲಿಲ್ಲ. ತಾನೇ ಗಿರಿಯ ಪಕ್ಕ ಕೂತಳು.

ಠಾಣೆಯಲ್ಲಿ ಎಸ್‌ಐ ನಕ್ಕೇ ನಕ್ಕರು. "ಕೊಂದೋನು, ಸತ್ತೋನ ಹೆಂಡ್ತಿ, ಒಂದೇ ಜೀಪಲ್ಲಿ! ಹೋಗ್ರಯ್ಯ, ಆ ಕೇಸು ಎಂದೋ ಮುಗ್ದೋಯ್ತು."

"ಹೊಸದು ತಂದಿದೀವಿ ಸಾರ್. ಇನ್ನೂ ಬಿಸಿ ಇದೆ," ಎಂದು ಗಿರಿ ಬಾಲರಾಜನನ್ನು ಮುಂದೆ ತಳ್ಳಿದ.

ಬಾಲರಾಜ್ ಬಾಯಿ ತೆರೆಯುವ ಮೊದಲೇ ಅವನ ಜೇಬಿನ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿ, "ಸಾಹುಕಾರ್ರು," ಅಂದ. ಅವ್ವ ಅದನ್ನು ಕಸಿದು ನನ್ನ ಕೈಗಿತ್ತಳು. "ಎಲ್ರಿಗೂ ಕೇಳೋ ಹಂಗೆ ಮಾಡೇ."

ನಾನು ಸ್ಪೀಕರ್ ಒತ್ತಿದೆ.

"ಮುಗೀತೇನೋ?" ಸಾಹುಕಾರರ ಗಂಟಲು ಠಾಣೆಯ ತುಂಬ ಕೇಳಿತು. "ಲೋ ಬಾಲರಾಜ, ಗಿರಿ ಸತ್ತನಾ?"

ಎಸ್‌ಐ ಮುಖದ ನಗು ಅಲ್ಲೇ ಆರಿತು. ಅವ್ವ ಫೋನಿನ ಹತ್ತಿರ ಬಗ್ಗಿದಳು.

"ನಾನು ಗಿಡ್ಡಮ್ಮ ಸಾರ್, ಭೂತಯ್ಯನ ಹೆಂಡ್ತಿ. ಎಸ್‌ಐ ಸಾಹೇಬ್ರು ಇಲ್ಲೇ ಇದಾರೆ. ಮಾತಾಡಿ."

ಆ ಕಡೆ ಫೋನ್ ಪಟ್ಟನೆ ಕಟ್ಟಾಯಿತು. ಎಸ್‌ಐ ಫೋನ್ ನೋಡಿದರು, ನಮ್ಮನ್ನು ನೋಡಿದರು. ಪೆನ್ನು ಮುಟ್ಟಲಿಲ್ಲ. ಅವ್ವ ಅವರೆದುರಿನ ಕುರ್ಚಿಯನ್ನು ಕರ್ರೆಂದು ಎಳೆದಳು. ಯಾರೂ ಕೂರು ಅನ್ನದಿದ್ದರೂ ಕೂತಳು.

"ಬರ್ಕೊಳ್ಳಿ," ಅಂದಳು.