ಬಸವಂತ್ರಾಯ ಕೊಡಿಸಿದ ಕಂಪ್ಯೂಟರು

ಬಸವಂತ್ರಾಯ ಎರಡೂ ಅಂಗೈ ಚಾಚಿ, ಒಂದೊಂದರ ಮೇಲೆ ಒಂದೊಂದು ಸಾಮಾನು ಇಟ್ಟುಕೊಂಡು, ಕಣ್ಣು ಮುಚ್ಚಿ ತೂಗಿ ನೋಡುತ್ತಿದ್ದ. ಎಡಗೈಯಲ್ಲಿದ್ದದ್ದು ಶೇಂಗಾ ಚಿಕ್ಕಿಯಷ್ಟು ತೆಳ್ಳಗಿನ, ಊದಿದರೆ ಹಾರಿಹೋಗುವಂಥ ಹೊಸ ನಮೂನೆಯ ಡಿಸ್ಕು, ಎಸ್‌ಎಸ್‌ಡಿ. ಬಲಗೈಯಲ್ಲಿ ಅಂಗೈ ತುಂಬುವ ಹಳೇ ನಮೂನೆಯ ಹಾರ್ಡ್‌ಡಿಸ್ಕು. ಯಾದಗಿರಿಯ ಸ್ಟೇಷನ್ ರಸ್ತೆಯ ಆ ಅಂಗಡಿಯಲ್ಲಿ ಪ್ರಿಂಟರ್ ರಿಪೇರಿಗೆ ಬಂದಿದ್ದ ಇಬ್ಬರು ಗಿರಾಕಿಗಳು ತಮ್ಮ ಕೆಲಸ ಮರೆತು ಈ ಕೆಂಪು ರುಮಾಲಿನ ಮುದುಕನನ್ನೇ ನೋಡುತ್ತಾ ನಿಂತಿದ್ದರು. ಪಕ್ಕದಲ್ಲಿದ್ದ ದೇವಿಕಾಳಿಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತು.

"ಇದರ ಮ್ಯಾಲ ಐನೂರು ಚಿಲ್ಲರ ಜೀಬಿ ಅಂತ ಬರದಾರ. ಇದು ಸಾವಿರದ್ದಂತೀ," ಬಸವಂತ್ರಾಯ ಕಣ್ಣು ತೆರೆದು ಅಂಗಡಿಯ ನಬಿಸಾಬನನ್ನು ಕೇಳಿದ. "ಸಾವಿರದ್ದು ಸೋವಿ, ಐನೂರದ್ದು ತುಟ್ಟಿ. ಇದ್ಯಾವ ಸೀಮಿ ವ್ಯಾಪಾರೋ ನಬಿ?"

ಸಣ್ಣದು ಬಹಳ ಚುರುಕು, ದೊಡ್ಡದರಲ್ಲಿ ಜಾಗ ಇದೆಯೇ ಹೊರತು ಓಟ ಇಲ್ಲ ಎಂದು ನಬಿಸಾಬ ತಿಳಿಸಿ ಹೇಳಿದ. ಬಸವಂತ್ರಾಯ ನಕ್ಕ. "ಎಳೇ ಹೋರಿ ಎಲ್ಲಾ ಚುರುಕೇ ಇರ್ತಾವ. ಗಳೇಕ ಹೂಡಿದಾಗ ಗೊತ್ತಾಗ್ತದ," ಅಂದು ಚಿಕ್ಕಿಯ ತುಂಡನ್ನು ಮೇಜಿನ ಮೇಲಿಟ್ಟು, ಹಾರ್ಡ್‌ಡಿಸ್ಕನ್ನು ತನ್ನ ಕಡೆ ಎಳೆದುಕೊಂಡ.

ಬೋನಾಳದ ಬಸವಂತ್ರಾಯ ದೇವಿಕಾಳ ಸೋದರಮಾವ. ಸುತ್ತಿನ ದನದ ಸಂತೆಗಳಲ್ಲಿ ಅವನನ್ನು ಅರಿಯದವರಿರಲಿಲ್ಲ. ಎತ್ತಿನ ದಲಾಲಿ ಅವನ ಕಸುಬು. ಹಲ್ಲು, ಗೊರಸು, ಸುಳಿ ನೋಡಿ ಅವನು ಹೂಂ ಅಂದ ಜೋಡಿ ಎಂದೂ ಯಾರ ಹೊಲದಲ್ಲೂ ಮಲಗಿಲ್ಲ ಎಂದು ಜನ ಹೇಳುತ್ತಿದ್ದರು. ಅವರ ಮನೆತನದಲ್ಲಿ ಯಾರು ಏನು ಕೊಂಡರೂ ವ್ಯಾಪಾರ ಮಾಡುವ ಕೈ ಅವನದೇ ಆಗಬೇಕು. ಬಂಡಿ, ತಿಜೋರಿ, ದೇವಿಕಾಳ ಅವ್ವ ರತ್ನಾಬಾಯಿಯ ಹೊಲಿಗೆ ಮಷೀನು, ಎಲ್ಲ ಅವನು ಕುದುರಿಸಿದ್ದು. ಈಗ ಟ್ರ್ಯಾಕ್ಟರು ಬಂದು ಸಂತೆ ಸೊರಗಿತ್ತು. ಅವನನ್ನು ಕರೆಯುವವರು ಕಡಿಮೆಯಾಗಿದ್ದರು. ಕಂಪ್ಯೂಟರು ತರಬೇಕು ಎಂದು ದೇವಿಕಾ ಬಾಯಿ ಬಿಟ್ಟ ಮರುದಿನವೇ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ ಸುರಪುರದಲ್ಲಿ ಅವಳ ಮನೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದ. ಬೇಡ ಅನ್ನುವ ಧೈರ್ಯ ಅವ್ವನಿಗೂ ಇರಲಿಲ್ಲ, ಮಗಳಿಗೂ ಇರಲಿಲ್ಲ.

ಅವನ ಋಣ ಅಷ್ಟಿತ್ತು. ಅಪ್ಪ ತೀರಿಕೊಂಡಾಗ, ಹುಡುಗಿಯನ್ನು ದಿನಾ ಬಸ್ಸು ಹತ್ತಿಸಿ ಶಹಾಪುರಕ್ಕೆ ಕೆಲಸಕ್ಕೆ ಕಳಿಸಬಾರದು ಎಂದು ನೆಂಟರೆಲ್ಲ ಒಂದಾಗಿ ಎದ್ದಾಗ, ಇದೇ ಮಾಮಾ ಬಾಗಿಲಿಗೆ ಅಡ್ಡ ಕೂತು, ಅವಳು ಹೋಗುವವಳೇ, ಮಾತಾಡುವವರು ನನ್ನ ಜೊತೆ ಮಾತಾಡಿ ಅಂದಿದ್ದ. ಹಾಗೆ ಹೋದ ದೇವಿಕಾ ನಿಂಗರಾಜನ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರು, ಲಗ್ನಪತ್ರಿಕೆಗಳ ಡಿಸೈನು ಕಲಿತು ಪಳಗಿದಳು. ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದು ಅವ್ವನ ಸೊಂಟ ಮುರಿಯಿತು. ಹಾಸಿಗೆ ಹಿಡಿದ ಅವ್ವನನ್ನು ಬಿಟ್ಟು ಶಹಾಪುರಕ್ಕೆ ಹೋಗುವಂತಿರಲಿಲ್ಲ. ನಿಂಗರಾಜ ಒಳ್ಳೆಯವನು. ಮನೆಯಲ್ಲೇ ಮಾಡಿ ಹೊತ್ತಿಗೆ ಸರಿಯಾಗಿ ಕಳಿಸಿದರೆ ಕೆಲಸ ನಿನ್ನದೇ ಅಂದ. ಆ ಮಾತಿನ ಮೇಲೆ ಈಗ ಇಬ್ಬರ ಊಟ ನಿಂತಿತ್ತು.

ಯಾವ ಸಾಮಾನು ಬೇಕೆಂಬುದು ದೇವಿಕಾಳಿಗೆ ಬಾಯಿಪಾಠವಾಗಿತ್ತು. ಅವ್ವ ಮಲಗಿದ ಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಆರಿಸಿದ್ದಳು. ಎರಡಾಳುದ್ದದ ಬ್ಯಾನರಿನ ಫೈಲು ತೆರೆದರೆ ತಾಳಿಕೊಳ್ಳುವಷ್ಟು ರ‍್ಯಾಮು ಬೇಕು. ಎಸ್‌ಎಸ್‌ಡಿ ಬೇಕೇ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬಣ್ಣವನ್ನು ಇದ್ದಂತೆ ತೋರಿಸುವ ಮಾನಿಟರು, ಗಾತ್ರ ಸಣ್ಣದಾದರೂ ಚಿಂತೆಯಿಲ್ಲ. ಗ್ರಾಫಿಕ್ಸ್ ಕಾರ್ಡು ಸದ್ಯಕ್ಕೆ ಬೇಡ, ಇದನ್ನೆಲ್ಲ ಕೂರಿಸುವ ಡಬ್ಬಿ ಯಾವುದಾದರೂ ನಡೆಯುತ್ತದೆ. ಕೈಯಲ್ಲಿದ್ದ ದುಡ್ಡಿಗೆ ಅದು ಸರಿಯಾಗಿ ಕೂರುತ್ತಿತ್ತು. ನಬಿಸಾಬ ಕೂಡ, ಭಾರಿ ಲೆಕ್ಕ ಹಾಕೀ ತಂಗಿ, ನಾ ಹೇಳಿದ್ರೂ ಇದನ್ನೇ ಹೇಳ್ತಿದ್ದೆ ಅಂದಿದ್ದ.

ಅಷ್ಟರಲ್ಲಿ ಬಸವಂತ್ರಾಯ ಆ ಡಬ್ಬಿಯನ್ನು ಎತ್ತಿ ನೋಡಿದ್ದ. ಕರಿಯ ತಗಡಿನ ಸಾದಾ ಡಬ್ಬಿ, ಒಂದೇ ಕೈಯಲ್ಲಿ ಎದ್ದು ಬಂತು. ಅವನ ಮುಖ ಹುಳ್ಳಗಾಯಿತು. ಮೂಲೆಯಲ್ಲಿ ಗಾಜಿನ ಪಕ್ಕೆಯ, ಒಳಗೆ ಕೆಂಪು ಹಸಿರು ನೀಲಿ ದೀಪ ತಿರುಗುವ ದೊಡ್ಡ ಕ್ಯಾಬಿನೆಟ್ಟು ಕಂಡದ್ದೇ ತಡ, ಹೋಗಿ ಅದರ ಬೆನ್ನು ತಟ್ಟಿದ. ಆಮೇಲೆ ಮಾನಿಟರುಗಳ ಸರದಿ. ದೇವಿಕಾ ಆರಿಸಿದ್ದರ ಪಕ್ಕದಲ್ಲೇ ಅದಕ್ಕಿಂತ ಗೇಣಗಲ ದೊಡ್ಡದೊಂದು ಕಡಿಮೆ ಬೆಲೆಗೆ ಇತ್ತು. ಬಗ್ಗಿ ನೋಡಿದರೆ ಬಣ್ಣ ಮಾಸುವುದು, ಎದ್ದು ನೋಡಿದರೆ ಬಿಳಿಚುವುದು. ಮಾಮಾ ನಿಂತಲ್ಲಿಂದ ಅದೆಲ್ಲ ಕಾಣುತ್ತಿರಲಿಲ್ಲ. ಅವಳು ಎರಡು ಸಲ ಮೆಲ್ಲಗೆ, ಮಾಮಾ, ಬಣ್ಣ ನೋಡ್ರಿ ಅಂದಳು. ನೀ ಸುಮ್ನಿರು, ವ್ಯಾಪಾರದಾಗ ಬೇಕಾದದ್ದನ್ನ ಬೇಕು ಅನಬಾರ್ದು ಎಂದು ಅವನು ಅವಳ ಕಿವಿಯಲ್ಲಿ ಉಸುರಿದ.

ಆಮೇಲೆ ಹೆಗಲ ಮೇಲಿನ ಟವೆಲು ತೆಗೆದು, ನಬಿಸಾಬನ ಬಲಗೈ ಹಿಡಿದು ಅದರ ಮೇಲೆ ಹಾಸಿದ.

ಪ್ರಿಂಟರಿನ ಗಿರಾಕಿಗಳಿಗೆ ಏನೂ ತಿಳಿಯಲಿಲ್ಲ. ನಬಿಸಾಬನಿಗೆ ತಿಳಿಯಿತು. ಅವನ ಅಪ್ಪ ದನದ ಸಂತೆಯಲ್ಲಿ ಹಗ್ಗ, ಬಾರುಕೋಲು ಮಾರುತ್ತಿದ್ದವನು. ಟವೆಲಿನ ಅಡಿಯಲ್ಲಿ ದಲಾಲಿಗಳು ಬೆರಳು ಹಿಡಿದು ಬೆಲೆ ಹೇಳುವುದನ್ನು ನೋಡುತ್ತಲೇ ಅವನು ಬೆಳೆದಿದ್ದ. ಯಾವ ಬೆರಳು ಹಿಡಿದರೆ ಎಷ್ಟು ಎಂಬುದು ಅವರಿಬ್ಬರಿಗೆ ಮಾತ್ರ ಗೊತ್ತು, ಹೊರಗಿನವರಿಗೆ ಟವೆಲು ಅಲುಗಾಡುವುದಷ್ಟೇ ಕಾಣುತ್ತದೆ. ಬೆರಳು ಹಿಡಿದಿರುವ ತನಕ ಹಗ್ಗಜಗ್ಗಾಟ. ಬೆರಳು ಬಿಟ್ಟರೆ ಮುಗಿಯಿತು, ಮರುದಿನ ಎತ್ತು ಕುಂಟಿದರೂ ಹಿಂದಿರುಗಿಸುವ ಮಾತಿಲ್ಲ. ಹಾಗೆ ಹಿಂದಿರುಗಿಸಲು ಬಂದವರನ್ನು ಬಸವಂತ್ರಾಯ ತುಂಬಿದ ಸಂತೆಯಲ್ಲಿ ಉಗಿದು ಕಳಿಸಿದ್ದುಂಟು.

ಮೊದಲು ನಬಿಸಾಬ ನಗುತ್ತಿದ್ದ. ನೋಡನೋಡುತ್ತ ನಗು ಇಳಿಯಿತು. ಟವೆಲು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕೈ ಹಾಗೇ ಇಟ್ಟುಕೊಂಡು ಅವನು ದೇವಿಕಾಳ ಕಡೆ ತಿರುಗಿದ.

"ಕಾಕಾ ಹೇಳೋ ಲೆಕ್ಕಕ್ಕ ಈ ದೊಡ್ಡ ಡಬ್ಬಿ ಕೊಡಬೇಕಂದ್ರ ಒಳಗಿನ ಸಾಮಾನು ಬದ್ಲಿ ಆಗ್ತಾವ ತಂಗಿ. ರ‍್ಯಾಮ್ ಅರ್ಧ ಆಗ್ತದ, ಸಣ್ಣ ಡಿಸ್ಕ್ ಬರಂಗಿಲ್ಲ, ಮಾನಿಟರೂ ಈ ಸೋವಿದೇ ತೊಗೋಬೇಕು. ಕೆಲಸ ಮಾಡಾಕಿ ನೀನು. ನಡೀತದೇನು, ನೀನೇ ಹೇಳು."

ಎಲ್ಲರೂ ಅವಳ ಮುಖ ನೋಡಿದರು. ಒಂದು ಮಾತು ಸಾಕಿತ್ತು. ನಡೆಯುವುದಿಲ್ಲ ಅಂದಿದ್ದರೆ ನಬಿಸಾಬ ಕೈ ಎಳೆದುಕೊಳ್ಳುತ್ತಿದ್ದ. ಆದರೆ ಅವಳು ಮಾಮಾನ ಮುಖ ನೋಡಿಬಿಟ್ಟಳು. ಅಲ್ಲಿ ಗದರಿಕೆ ಇದ್ದಿದ್ದರೆ ಸುಲಭವಾಗುತ್ತಿತ್ತು. ಅವನು ಖುಷಿಯಲ್ಲಿದ್ದ. ಎಷ್ಟೋ ದಿನದ ಮೇಲೆ ಅವನ ಟವೆಲಿನ ಅಡಿಗೆ ಒಂದು ಕೈ ಬಂದಿತ್ತು, ನಾಲ್ಕು ಜನ ನಿಂತು ನೋಡುತ್ತಿದ್ದರು. ಪರರ ಎದುರು, ನಿಮಗೆ ಇದು ತಿಳಿಯುವುದಿಲ್ಲ ಎಂದು ಈ ಮುದುಕನಿಗೆ ಹೇಗೆ ಹೇಳುವುದು? ಆಮೇಲೆ ಒಂದೊಂದೇ ಬದಲಾಯಿಸಿದರಾಯಿತು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

"ಮಾಮಾ ಹೇಳಿದಂಗ ಆಗ್ಲಿರಿ," ಅಂದಳು.

ಬಸವಂತ್ರಾಯ ಬೆರಳು ಬಿಟ್ಟು, ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡ. ನಬಿಸಾಬ ಸ್ಕ್ರೂಡ್ರೈವರ್ ಎತ್ತಿಕೊಂಡ.

ತಿರುಗಿ ಬರುವಾಗ ಬಸ್ಸಿನಲ್ಲಿ ಕ್ಯಾಬಿನೆಟ್ಟಿನ ಪೆಟ್ಟಿಗೆಯನ್ನು ಮಾಮಾ ತೊಡೆಯ ಮೇಲಿಂದ ಇಳಿಸಲಿಲ್ಲ. ಭೀಮರಾಯನಗುಡಿಯಲ್ಲಿ ಹತ್ತಿದವರಿಗೂ, ಶಹಾಪುರದಲ್ಲಿ ಹತ್ತಿದವರಿಗೂ ಬೆರಳಿನ ಕತೆ ಹೇಳಿದ. ಐನೂರದ್ದರ ಬದಲು ಸಾವಿರದ್ದು ಹೊಡೆದದ್ದನ್ನು ಹೇಳುವಾಗ ಕಂಡಕ್ಟರ್ ಕೂಡ ಭೇಷ್ ಅಂದ. ದೇವಿಕಾ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು.

ಮನೆಯಲ್ಲಿ ಕಾಯಿ ಒಡೆದು, ಗಾಜಿಗೆ ಕುಂಕುಮ ಹಚ್ಚಿ ಗುಂಡಿ ಒತ್ತಿದಾಗ ದೀಪಗಳು ತಿರುಗಿದವು. ಹಾಸಿಗೆಯಲ್ಲಿದ್ದ ರತ್ನಾಬಾಯಿ, ನಮ್ಮಣ್ಣ ಹಿಡಿದ ಸಾಮಾನಂದ್ರ ಸುಮ್ನೆ ಏನು ಎಂದು ಕಣ್ಣೊರೆಸಿಕೊಂಡಳು. ಓಣಿಯವರು ಬಂದು ನೋಡಿ ಹೋದರು. ಬಸವಂತ್ರಾಯ ಅಂದಿನಿಂದ ದಿನಾ ಮಧ್ಯಾಹ್ನ ಬೋನಾಳದಿಂದ ಟಂಟಂ ಆಟೋ ಹತ್ತಿ ಬರತೊಡಗಿದ. ಬಂದವನು ಗೋಡೆಗೆ ಒರಗಿ, ತಾನು ಕೊಡಿಸಿದ್ದನ್ನು ಕಣ್ತುಂಬ ನೋಡುತ್ತಾ ಕೂರುವನು.

ಕಂಪ್ಯೂಟರಿನ ಗುಣ ಬೇಗನೆ ಗೊತ್ತಾಯಿತು. ಸಣ್ಣ ಕಾರ್ಡುಗಳಿಗೆ ಹೇಗೋ ಸಾಗುತ್ತಿತ್ತು. ಬ್ಯಾನರು ತೆರೆದರೆ ಕೂತುಬಿಡುತ್ತಿತ್ತು. ಒಂದು ಲಗ್ನದ ಬ್ಯಾನರಿಗೆ ಅವಳು ಹಾಕಿದ ಕುಂಕುಮಗೆಂಪು ಫ್ಲೆಕ್ಸಿನ ಮೇಲೆ ಇಟ್ಟಂಗಿಯ ಬಣ್ಣವಾಗಿ ಬಂತು. ಪರದೆಯಲ್ಲಿ ಅದು ಸರಿಯಾಗೇ ಕಂಡಿತ್ತು. ಹೆಣ್ಣಿನ ಕಡೆಯವರು ಅಂಗಡಿಗೆ ಬಂದು ರಂಪ ಮಾಡಿದರು, ನಿಂಗರಾಜ ಇನ್ನೊಮ್ಮೆ ಪ್ರಿಂಟು ಹಾಕಿಕೊಟ್ಟ. ಅವಳಿಗೆ ಬೈಯಲಿಲ್ಲ. ಒಂದು ದಿನ ಬೆಳಗ್ಗೆ ಫೋನು ಮಾಡಿ, ಲೀಡರೊಬ್ಬರ ಹುಟ್ಟುಹಬ್ಬದ ಬ್ಯಾನರು ಕೊಟ್ಟು, ಬೇರೆ ಮಾತು ಹೇಳಿದ.

"ಇದು ಇವತ್ತ ಮಧ್ಯಾಹ್ನ ಮೂರಕ್ಕ ನನ್ನ ಕೈಗೆ ಬರ್ಬೇಕು ದೇವಿಕಾ. ಇಲ್ಲಂದ್ರ ನಾಳಿಂದ ಇಲ್ಲೇ ಯಾರನ್ನರ ಕೂಡಸ್ತೀನಿ. ಸಿಟ್ಟಾಗಬ್ಯಾಡ, ನಂದೂ ಹೊಟ್ಟಿಪಾಡು."

ಹುಟ್ಟುಹಬ್ಬದ ಬ್ಯಾನರಿನಲ್ಲಿ ಲೀಡರು ಒಬ್ಬನಾದರೆ ಕೆಳಗೆ ಶುಭ ಕೋರುವವರು ಒಂದು ಹಿಂಡು. ಒಬ್ಬರ ಮುಖ ಬಿಟ್ಟರೂ ಜಗಳ, ಒಬ್ಬರದು ಸಣ್ಣದಾದರೂ ಜಗಳ. ಒಂದೊಂದು ಫೋಟೊ ಕತ್ತರಿಸಿ ಇಟ್ಟಂತೆಲ್ಲ ಫೈಲು ಭಾರವಾಗುತ್ತ ಹೋಯಿತು. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಬಾಣದ ಗುರುತು ಮಾಯವಾಗಿ ನೀಲಿ ಚಕ್ರ ತಿರುಗತೊಡಗಿತು. ಮಾಡಿದ್ದನ್ನು ಉಳಿಸಿಕೊಂಡದ್ದು ಯಾವಾಗಲೋ. ಬಂದ್ ಮಾಡಿದರೆ ಬೆಳಗಿನಿಂದ ಮಾಡಿದ್ದೆಲ್ಲ ಹೋಗುತ್ತದೆ. ಕಾಯುವುದೊಂದೇ ಅವಳ ಕೈಲಿದ್ದದ್ದು.

ಮನೆಯ ಮೇಲಿನ ತಗಡು ಸುಡುತ್ತಿತ್ತು. ಬಸವಂತ್ರಾಯ ಬಂದು ನೀರು ಕುಡಿದು, ತನ್ನ ಜಾಗದಲ್ಲಿ ಕೂತ. ಸ್ವಲ್ಪ ಹೊತ್ತಾದ ಮೇಲೆ ತಲೆ ಓರೆ ಮಾಡಿ ಏನನ್ನೋ ಆಲಿಸಿದ. ಎದ್ದು ಬಂದು ಕ್ಯಾಬಿನೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಮೇಲೆ ಅಂಗೈ ಇಟ್ಟ. ಒಳಗೆ ಫ್ಯಾನು ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಯಾಕ ತೇಕಾಕತ್ತದ ಇದು?"

"ಹಂಗೇನಿಲ್ರಿ ಮಾಮಾ. ದೊಡ್ಡ ಕೆಲಸ ಹಾಕಿದಾಗ ಎಲ್ಲಾವೂ ಹಿಂಗೇ ಮಾಡ್ತಾವ."

ಅವನು ಕೈ ತೆಗೆಯಲಿಲ್ಲ. "ನಾ ಎತ್ತಿನ ಉಸುರು ಕೇಳಿ ಎಷ್ಟು ಹೊರಿ ಹೊರ್ತದ ಹೇಳಾಂವ. ಇದಕ್ಕ ತ್ರಾಣ ಇಲ್ಲ," ಅಂದ. ಆಮೇಲೆ ಅವ್ವನಿಗೆ ಕೇಳಿಸದ ಹಾಗೆ ಕೇಳಿದ, "ಅವತ್ತ ನಬಿ ನಿನ್ನ ಕೇಳಿದ. ನಾ ಇನ್ನಾ ಬೆರಳು ಬಿಟ್ಟಿರ್ಲಿಲ್ಲ. ಯಾಕ ಹೇಳ್ಲಿಲ್ಲ ನೀ?"

ದೇವಿಕಾ ಮೊಬೈಲು ಕೈಗೆತ್ತಿಕೊಂಡಳು. ನಬಿಸಾಬನನ್ನು ಕೇಳಿದರೆ ಒಂದೆರಡು ಸಾಮಾನು ಬದಲಿ ಮಾಡಿಕೊಟ್ಟಾನು, ನಾನು ಫೋನು ಹಚ್ಚುತ್ತೇನೆ ಎಂದು ತಡವರಿಸಿದಳು. ಬಸವಂತ್ರಾಯ ತಲೆ ಎತ್ತಿ ಅವಳನ್ನು ನೋಡಿದ. ಅಂಥ ಮುಖವನ್ನು ಅವಳು ಮುಂಚೆ ನೋಡಿರಲಿಲ್ಲ. ತಪ್ಪು ತನ್ನದೆಂದು ಅವನಿಗೆ ಗೊತ್ತಾಗಿತ್ತು, ಸರಿಪಡಿಸುವ ದಾರಿಯೂ ಎದುರಿಗೇ ಇತ್ತು, ಆ ದಾರಿಯಲ್ಲಿ ಹೆಜ್ಜೆ ಇಡಲು ಅವನಿಂದ ಆಗುತ್ತಿರಲಿಲ್ಲ.

"ಬೆರಳು ಬಿಟ್ಟೀನವ್ವ," ಅಂದ.

ಅವಳು ಕೈಗೆತ್ತಿಕೊಂಡಿದ್ದ ಮೊಬೈಲನ್ನು ಕೆಳಗಿಟ್ಟಳು. ಅವನನ್ನು ದಾಟಿ ಹೋಗಿ ಕೇಳುವುದು ಅವಳಿಂದಲೂ ಆಗುತ್ತಿರಲಿಲ್ಲ. ಆಚೆಯ ಹಾಸಿಗೆಯಿಂದ ರತ್ನಾಬಾಯಿ, ಮುಗೀತೇನವಾ ಎಂದು ಕೇಳಿದಳು. ಇನ್ನೇನು ಆಯ್ತು ಎಂದು ದೇವಿಕಾ ಹೇಳಿದಳು.

ಗಂಟೆ ಮೂರಾಗಿತ್ತು. ಬಸವಂತ್ರಾಯ ಹೆಗಲಿನಿಂದ ಟವೆಲು ತೆಗೆದ. ಎರಡು ಮಡಿಕೆ ಮಾಡಿ, ಗಾಜಿನ ಪಕ್ಕೆಯ ಹತ್ತಿರ ಹಿಡಿದು, ಬಿಸಿಲಲ್ಲಿ ದಣಿದು ಬಂದ ಎತ್ತಿಗೆ ಹಾಕುವ ಹಾಗೆ ಮೆಲ್ಲಗೆ ಗಾಳಿ ಹಾಕತೊಡಗಿದ. ಕೆಂಪು, ಹಸಿರು, ನೀಲಿ ಬೆಳಕು ಅವನ ಬಿಳಿ ಮೀಸೆಯ ಮೇಲೆ ಬಂದು ಬಂದು ಹೋಗುತ್ತಿತ್ತು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ನಿಂಗರಾಜನ ಫೋನು ಬಂತು, ಹೊಡೆದುಕೊಂಡು ಹೊಡೆದುಕೊಂಡು ತಾನೇ ಸುಮ್ಮನಾಯಿತು. ಮಾಮಾ ತಲೆ ಎತ್ತಲಿಲ್ಲ. ಕೈ ಬದಲಿಸಿಕೊಂಡು ಟವೆಲು ಬೀಸುತ್ತಲೇ ಇದ್ದ.