ಅಳತೆಗೆ ಕೊಟ್ಟ ಬೀಜ

ಬೆವರು ಹುಬ್ಬಿನ ತುದಿಗೆ ಬಂದು ನಿಂತಿದೆ, ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಮಣ್ಣು, ಮೊಣಕೈ ಎತ್ತಿ ಉಜ್ಜಿಕೊಂಡಳು, ಕಣ್ಣಿಗೆ ಉಪ್ಪು ಇಳಿದು ಸಾಲುಗಳೆಲ್ಲ ಒಂದು ಕ್ಷಣ ಕಲೆಸಿಹೋದವು, ಮತ್ತೆ ಸರಿಹೋದವು — ಮಂಡಿಯೆತ್ತರದ ಬೀನ್ಸ್ ಗಿಡಗಳು, ಒಂದೇ ಎತ್ತರ, ಒಂದೇ ಬಿಳಿ ಹೂವು, ಒಂದೇ ವಾರದಲ್ಲಿ ಬಲಿಯುವ ಕಾಯಿ, ಅವಳದೇ ತಳಿ, ಬೀಜಕ್ಕೆ ವಿಕಿರಣ ತಾಗಿಸಿ, ಸತ್ತದ್ದು ಸತ್ತು ಕೆಟ್ಟದ್ದು ಕೆಟ್ಟು ಉಳಿದುದರಲ್ಲಿ ಹುಡುಕಿ ಹುಡುಕಿ ತೆಗೆದದ್ದು, ಬಳ್ಳಿಯನ್ನು ಗಿಡ ಮಾಡಿದವಳು ಎಂದು ಸಭೆಯಲ್ಲಿ ಚಪ್ಪಾಳೆ ಹೊಡೆಸಿಕೊಂಡದ್ದು, ನಾಳೆ ತಪಾಸಣೆಯವರು ಬರುತ್ತಾರೆ, ಬಿತ್ತನೆ ಬೀಜದ ತಾಕು ಎಂದ ಮೇಲೆ ಕೇಳಬೇಕೆ, ಒಂದೇ ಒಂದು ಬೇರೆ ಗಿಡ ಕಂಡರೂ ಮೂತಿ ಸೊಟ್ಟ ಮಾಡುತ್ತಾರೆ, ಅದಕ್ಕೇ ಬೆಳಗಿನಿಂದ ಬೆರಕೆ ಕೀಳುವ ಕೆಲಸ, ಎಳೆ, ಮುರಿ, ಚೀಲಕ್ಕೆ ತುರುಕು, ಪಕ್ಕದ ಸಾಲಿನಲ್ಲಿ ಕೆಲಸದ ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದಾರೆ, ತನ್ನ ವಿಷಯವೇ ಇರಬೇಕು, ಬೆನ್ನ ಹಿಂದೆ ಕತ್ತರಿ ಮೇಡಂ ಅನ್ನುತ್ತಾರೆಂದು ಗೊತ್ತು, ದರ್ಜಿಯ ಮಗಳಲ್ಲವೇ, ಅನ್ನಲಿ, ಅವರಿಗೆ ಕಲಿಸಿದವಳೂ ತಾನೇ, ಗಿಡದ ಮುಖ ನೋಡ್ತಾ ಕೂರಬೇಡಿ, ನೋಡಿದ್ರೆ ಕೈ ಬರಲ್ಲ, ಕೈಗೆ ಎತ್ತರ ತಾಗಿದ್ರೆ ಎಳೀರಿ ಅಷ್ಟೆ, ಪಾಪ ಅನ್ಸಲ್ವಾ ಮೇಡಂ, ಪಾಪ ಪುಣ್ಯ ಎಲ್ಲ ಮನೇಲಿಟ್ಟು ಬನ್ನಿ.

ಮನೆಯಲ್ಲಿ ಅಪ್ಪ ಇವತ್ತೂ ದಾರ ಕಟ್ಟುತ್ತಿದ್ದ, ಬಾಲ್ಕನಿಯ ಕಂಬಿಯಿಂದ ಮೇಲಿನ ಕೊಕ್ಕೆಗೆ, ಹೊಲಿಗೆ ಅಂಗಡಿ ಮುಚ್ಚಿದಾಗ ಉಳಿದ ರೀಲುಗಳ ಬಣ್ಣಬಣ್ಣದ ದಾರ, ಕುಂಡದಲ್ಲಿ ಬರೀ ಮಣ್ಣು, ಬೀಜವೇ ಇಲ್ದೆ ಯಾಕಪ್ಪ ಕಟ್ತೀಯಾ, ಕಟ್ಟಿಟ್ಟಿರ್ತೀನಮ್ಮ, ಈ ಸಲ ನಮ್ಮ ಹಳೇ ಬಳ್ಳಿ ಬೀಜ ತರ್ತೀನಿ ಅಂದಿದ್ಯಲ್ಲ, ಅಂದಿದ್ದಳು, ಹೋದ ಸಲವೂ ಅಂದಿದ್ದಳು, ಕೋಲ್ಡ್ ಸ್ಟೋರಿನಲ್ಲಿ ಇರ್ಬೇಕಪ್ಪ, ಹುಡುಕಿಸ್ತೀನಿ — ಬಾಯಿಗೆ ಬಂದ ಸುಳ್ಳು, ಅಪ್ಪ ನಂಬಿದ, ಅವನಿಗೆ ಮಗಳನ್ನು ನಂಬುವುದು ಬಿಟ್ಟು ಬೇರೇನು ಗೊತ್ತು, ತಳಿಯ ಕೆಲಸ ಶುರುವಾದಾಗ ಮನೆಯ ಬೀಜದ ಡಬ್ಬಿ ಪೂರ್ತಿ ಚೀಲಕ್ಕೆ ಸುರಿದು ಕೊಟ್ಟವನಲ್ಲವೇ, ಕೋಟಿನ ಒಳಪದರದ ಅಸ್ತರಿಯ ತುಂಡಿನಲ್ಲಿ ಅವನೇ ಹೊಲಿದ ಚೀಲ, ಒಂದು ಹಿಡಿ ಇಟ್ಕೋ ಅಪ್ಪ ಎಂದರೆ, ನಿನ್ನ ಹತ್ರ ಇದ್ರೆ ನನ್ನ ಹತ್ರ ಇದ್ದ ಹಾಗೇ ಅಲ್ವಾ, ತನಗೂ ಅದೇ ಬೇಕಾಗಿತ್ತು, ಎಷ್ಟು ಬೀಜವಿದ್ದರೂ ಸಾಲದ ಕೆಲಸ, ಕಡಿಮೆ ಕಿರಣಕ್ಕೆ ಒಂದು ಪಾಲು, ಹೆಚ್ಚಿನದಕ್ಕೆ ಒಂದು ಪಾಲು, ಅರ್ಧಕ್ಕರ್ಧ ಮೊಳೆಯುವುದೇ ಇಲ್ಲ, ಮೊಳೆತದ್ದರಲ್ಲೂ ಕೆಲವು ಬೆಳ್ಳಗೆ ಎದ್ದು ಬೆಳ್ಳಗೆ ಸಾಯುತ್ತವೆ — ಸೀಸದ ದಪ್ಪ ಗೋಡೆಯ ಪೆಟ್ಟಿಗೆ, ಗುಂಡಿ ಒತ್ತಿದರೆ ಬೀಜದ ಡಬ್ಬಿ ಒಳಕ್ಕೆ ಇಳಿಯುತ್ತದೆ, ಬೆಳಕಿಲ್ಲ, ಬಿಸಿಯಿಲ್ಲ, ಮೇಲೆ ಬಂದಾಗ ಬೀಜ ಇದ್ದ ಹಾಗೇ ಇರುತ್ತದೆ, ಅಪ್ಪ ಕೇಳಿದ್ದ, ಅಂದ್ರೆ ಇಸ್ತ್ರಿ ಹಾಕಿದ ಹಾಗಾ, ಅಲ್ಲಪ್ಪ, ಒಳಗೆ ವಂಶದ ದಾರ ಇರುತ್ತಲ್ಲ, ಅದು ಅಲ್ಲಲ್ಲಿ ಕಡಿಯುತ್ತೆ, ಎಲ್ಲಿ ಅಂತ ನಮಗೂ ಗೊತ್ತಿರಲ್ಲ, ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣು ಮುಚ್ಕೊಂಡು ಕತ್ತರಿ ಹಾಕೋದು, ಆಮೇಲೆ ಅಂಗಿ ಆಯ್ತಾ ಚಡ್ಡಿ ಆಯ್ತಾ ಅಂತ ನೋಡೋದು, ಇದಕ್ಕೆ ಇಷ್ಟೊಂದು ಓದ್ಬೇಕಾ, ನಗು ನಿಲ್ಲಿಸಿ ಮತ್ತೆ ತಾನೇ, ಸ್ವಲ್ಪ ಮುಟ್ಟದೆ ಇಟ್ಕೊಂಡಿದೀಯಾ ತಾನೇ, ಇಟ್ಕೊಂಡಿದೀನಪ್ಪ, ಹೋಲಿಸಿ ನೋಡೋಕೆ ಬೇಕೇ ಬೇಕು, ಕಿರಣ ತಾಗದ ಬೀಜವನ್ನ ಪ್ರತಿ ಸಲ ಪಕ್ಕದಲ್ಲೇ ಒಂದು ಸಾಲು ಹಾಕ್ತೀವಿ, ಹಾಂ, ಅಳತೆ ಬಟ್ಟೆ, ಅಪ್ಪನ ಮುಖ ಅರಳಿತು, ಹೊಸದು ಹೊಲಿಸೋರು ಅಳತೆಗೆ ಅಂತ ಹಳೇ ಅಂಗಿ ಕೊಡ್ತಾರಲ್ಲ ಹಾಗೆ, ಸರಿ ಸರಿ, ಹಾಗಾದ್ರೆ ಭಯ ಇಲ್ಲ.

ಅಂಗಡಿಯ ಗೋಡೆಗೆ ಮೊಳೆಗಳು, ಮೊಳೆಗಳಿಗೆ ಅಳತೆ ಬಟ್ಟೆಗಳು, ಕಾಲರ್ ಹರಿದದ್ದು, ಗುಂಡಿ ಉದುರಿದ್ದು, ಗಿರಾಕಿಗೇ ಮರೆತುಹೋಗಿದ್ದರೂ ಅಪ್ಪ ಹೊಸದರ ಜತೆ ಮಡಿಸಿ ಕೊಡುತ್ತಿದ್ದ, ಅಯ್ಯೋ ಅದನ್ನ ಮೆಷಿನ್ ಒರೆಸೋಕೆ ಇಟ್ಕೊಳ್ಳಿ ಅಂದರೂ ಕೇಳುತ್ತಿರಲಿಲ್ಲ, ಅಳತೆಗೆ ಕೊಟ್ಟಿದ್ದು ನಮ್ಮದಲ್ಲ — ಅಂಥವನ ಮಗಳು, ತಳಿ ಬಿಡುಗಡೆಯಾದ ವರ್ಷ, ಜಾಗ ಸಾಲದೆ ಕಪಾಟು ಖಾಲಿ ಮಾಡಿಸುವಾಗ ಸ್ಟೋರಿನವನು ಕೇಳಿದ, ಮೇಡಂ ಈ ಹೋಲಿಕೆ ಸಾಲಿನ ಬೀಜ ಇಡೋದಾ, ಕಿವಿಯಲ್ಲಿ ಫೋನು, ಯಾರೋ ಅಭಿನಂದನೆ ಹೇಳುತ್ತಿದ್ದರು, ಕೆಲಸ ಮುಗೀತಲ್ಲ, ತೆಗೆದುಹಾಕಿ, ತಿರುಗಿ ಕೂಡ ನೋಡಲಿಲ್ಲ, ಎಲ್ಲೆಲ್ಲಿಯದೋ ಬೀಜವನ್ನು ಹೆಸರು ಬರೆದು ಜೋಪಾನ ಮಾಡುವವಳಿಗೆ ಹಿತ್ತಲ ಗಿಡ ಮದ್ದಲ್ಲ, ಹೊಸ ತಳಿಯನ್ನೇ ಅಪ್ಪನ ಕುಂಡಕ್ಕೆ ಹಾಕಿಕೊಟ್ಟಳು, ಅಪ್ಪ ದಿನಾ ನೀರು ಹಾಕಿದ, ಒಂದೇ ವಾರಕ್ಕೆ ಬುಟ್ಟಿ ತುಂಬ ಕಾಯಿ, ಆಮೇಲೆ ಗಿಡ ಒಣಗಿ ಮುಗಿಯಿತು, ಚೆನ್ನಾಗಿದೆ ಕಣಮ್ಮ, ಆದ್ರೆ ಇದು ನಾಳೆಗೆ ಅಂತ ಏನೂ ಉಳಿಸಲ್ಲ, ಅಷ್ಟೇ ಅಂದದ್ದು, ಅಮ್ಮ ಹೋದ ಮೇಲೆ ಅಪ್ಪ ಬೆಳಿಗ್ಗೆ ಏಳುತ್ತಿದ್ದದ್ದೇ ಆ ಹಳೆಯ ಬಳ್ಳಿಗಾಗಿ, ದಿನಕ್ಕೊಂದು ಹಿಡಿ ಕಾಯಿ, ತಿಂಗಳುಗಟ್ಟಲೆ, ಇವತ್ತು ಎದುರು ಮನೆಯವರಿಗೆ, ನಾಳೆ ಮೇಲಿನ ಮನೆಯ ನರ್ಸಮ್ಮನಿಗೆ, ಕೊಡುವ ನೆಪದಲ್ಲಿ ಬಾಗಿಲಲ್ಲೇ ನಿಂತು ಊರ ಮಾತೆಲ್ಲ, ಈಗ ಬರಿಗೈಯಲ್ಲಿ ಯಾರ ಬಾಗಿಲು ತಟ್ಟಲೂ ಅವನಿಗೆ ನಾಚಿಕೆ, ದಿನವಿಡೀ ಬಾಲ್ಕನಿಯಲ್ಲಿ ಕೂತಿರುತ್ತಾನೆ — ಸ್ವಲ್ಪ ಸ್ವಲ್ಪವೇ ಕಾಯಿ ಬಿಡುವುದು, ಅದನ್ನೇ ತಾನು ವರದಿಯಲ್ಲಿ ದೋಷ ಎಂದು ಬರೆದಿದ್ದಳಲ್ಲ, ಚಿಕ್ಕಂದಿನಲ್ಲಿ, ಹೊಸ ಕುಡಿ ದಾರ ಸಿಗದೆ ಗಾಳಿಯಲ್ಲಿ ಸುತ್ತುತ್ತಿದ್ದರೆ ಅಪ್ಪ ಕೂಗುತ್ತಿದ್ದ, ಬಾರೇ ಇಲ್ಲಿ, ನೋಡು, ಕನ್ನಡಕ ಕಳ್ಕೊಂಡ ನನ್ನ ಹಾಗೇ ತಡಕಾಡ್ತಿದೆ, ಒಂದು ದಾರ ತೋರ್ಸು ಪಾಪ, ಪುಟ್ಟ ಬೆರಳಿನಿಂದ ಕುಡಿಯನ್ನು ದಾರಕ್ಕೆ ಮುಟ್ಟಿಸಿ ಶಾಲೆಗೆ ಹೋದರೆ ಸಂಜೆಗೆ ಒಂದು ಸುತ್ತು ಸುತ್ತಿಕೊಂಡು — ಕೈಗೆ ಏನೋ ಉದ್ದ ತಾಗಿತು, ಎಳೆದಳು, ಜಗ್ಗಿತು, ಇನ್ನೂ ಜೋರಾಗಿ ಎಳೆದಳು, ಫಟ್ಟೆಂದಿತು, ಮುರಿದಳು, ಇನ್ನೊಂದು ಸಲ ಮುರಿದಳು, ಚೀಲಕ್ಕೆ ತುರುಕಿ ಎರಡು ಹೆಜ್ಜೆ ಮುಂದೆ ಹೋದಳು.

ಜಗ್ಗಿತಲ್ಲ, ಯಾಕೆ ಜಗ್ಗಿತು, ಗಿಡ ಜಗ್ಗುವುದಿಲ್ಲ, ಕೈ ಹಾಕಿದರೆ ಬೇರು ಸಮೇತ ಬಂದುಬಿಡುತ್ತದೆ, ಜಗ್ಗುವುದು ಏನನ್ನಾದರೂ ಹಿಡಿದುಕೊಂಡಿರುವುದು ಮಾತ್ರ, ತಿರುಗಿ ನೋಡಿದಳು, ಸಾಲಿನ ತುದಿಗೆ ಅಂಕಿ ಬರೆದು ನೆಟ್ಟ ಗೂಟ, ಗೂಟಕ್ಕೆ ಹಸಿರು ಸುತ್ತು, ಸುತ್ತಿನ ಮೇಲೆ ಸುತ್ತು, ಕೆಳಗೆ ತುಂಡಾದಲ್ಲಿ ನೀರು ಒಸರುತ್ತಿದೆ, ಮೇಲಿನ ಎಲೆಯ ಕಂಕುಳಲ್ಲಿ ಒಂದು ಹೂವು, ನೇರಳೆ, ಅಂಚು ಮಾತ್ರ ಬಿಳಿ, ಅಂಚಿಗೆ ಪೈಪಿಂಗ್ ಕೊಟ್ಟು ಹೊಲಿದ ಹಾಗಿದೆ ನೋಡು ಎಂದು ಅಪ್ಪ ಹೇಳುತ್ತಿದ್ದ ಹೂವು — ಅಲ್ಲ, ಇರಲಾರದು, ಹಿಂದಿನ ಗುಣಕ್ಕೆ ಮರಳಿತೇ, ಹಾಗೆ ಮರಳುವುದು ಎಲ್ಲೋ ಅಪರೂಪ, ಅದೂ ಅಂಚಿನ ಬಿಳಿ ಸಮೇತ, ಮತ್ತೆಲ್ಲಿಂದ ಬಂತು — ಚೀಲ, ಈ ಸಲ ಬಿತ್ತನೆಯ ಬೀಜ ತಂದದ್ದು ಅಪ್ಪನ ಅದೇ ಚೀಲದಲ್ಲಿ, ಕೈಗೆ ಬೇರೆ ಸಿಗಲಿಲ್ಲವೆಂದು, ಒಳಗೆ ಮಡಿಸಿ ಹೊಲಿದ ಅಂಚಿನ ಸಂದಿಯಲ್ಲಿ ಒಂದು ಬೀಜ ಸಿಕ್ಕಿಕೊಂಡು ಇಷ್ಟು ವರ್ಷ ಕೂತಿತ್ತೇ, ಕೊಡವಿದಾಗ ಉದುರಿತೇ, ಒಂದೇ ಒಂದು, ಸುತ್ತ ಎಲ್ಲರೂ ಕುಳ್ಳರಿರುವ ಕಡೆ ಹತ್ತಲು ಏನಾದರೂ ಸಿಕ್ಕೀತೇ ಎಂದು ಗೂಟದ ತನಕ ತೆವಳಿಕೊಂಡು ಬಂದಿತ್ತೇ, ಬೆರಕೆಯ ಚೀಲ ಬೋರಲು ಹಾಕಿದಳು, ಮಂಡಿಯೂರಿ ಕೆದಕಿದಳು, ಬಾಡಿದ ಸೊಪ್ಪಿನ ನಡುವೆ ತಾನೇ ಮುರಿದ ತುಂಡುಗಳು, ಮೊಗ್ಗಿವೆ, ಹೂವಿವೆ, ಎಳೆಗಾಯಿ ಒಂದೂ ಇಲ್ಲ, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಒಂದು ಕಾಯಿ, ಒಂದು ಕಾಯಿ ಸಾಕಿತ್ತು, ಒಂದರಲ್ಲಿ ನಾಲ್ಕೈದು ಬೀಜ, ಒಂದು ಕುಂಡಕ್ಕೆ ಧಾರಾಳ, ಬೇರಿನ ತುಂಡನ್ನು ಮಣ್ಣಿಗೆ ಒತ್ತಿದಳು, ಹುಚ್ಚು, ಮೇಲಿನದನ್ನು ಕತ್ತರಿಸಿ ನೀರಲ್ಲಿಟ್ಟರೆ, ಹೂವಿಗೆ ಬಂದ ಬಳ್ಳಿ ಬೇರು ಬಿಡುವುದಿಲ್ಲ, ಎಷ್ಟು ಸಲ ಮಾಡಿ ಸೋತಿದ್ದಾಳೆ, ಸುಮ್ನೆ ಸಮಯ ದಂಡ ಎಂದು ವಿದ್ಯಾರ್ಥಿಗಳಿಗೆ ತಾನೇ ಹೇಳುತ್ತಾಳೆ, ಏನಾಯ್ತು ಮೇಡಂ, ಬಿದ್ರಾ, ಹೆಂಗಸರಲ್ಲಿ ಹಿರಿಯಳು ಕೇಳುತ್ತಿದ್ದಾಳೆ, ಏನಿಲ್ಲ, ಏನೂ ಆಗಿಲ್ಲ, ಗೂಟದ ಮೇಲಿರೋದನ್ನೂ ಕಿತ್ತು ಹಾಕ್ಲಾ ಮೇಡಂ, ನಾಳೆ ಅವ್ರು ಬರ್ತಾರೆ, ಬೇಡ, ಮುಟ್ಬೇಡ, ಧ್ವನಿ ಯಾಕೆ ಹೀಗೆ ಕೀರಲಾಯಿತು, ಅವಳೇನು ಮಾಡಿದಳು ಪಾಪ, ಮಾಡಿದ್ದೆಲ್ಲ ಈ ಕೈ, ನೋಡಬಾರದು ಎಂದು ತಾನೇ ಪಳಗಿಸಿದ ಕೈ, ಮೊದಲ ಸಲ ಬಾಯಿ ಮಾತಿನಲ್ಲಿ ಕಳೆದಳು, ಈ ಸಲ ಕೈಯಾರೆ, ಸಂಜೆ ಅಪ್ಪ ಬಾಗಿಲು ತೆರೆಯುತ್ತಾನೆ, ಮೊದಲು ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ, ಸಿಗ್ತಾ, ಸಿಗಲಿಲ್ಲ ಎಂದರೆ ಮುಂದಿನ ಸಲ ನೋಡೋಣ ಬಿಡು ಅನ್ನುತ್ತಾನೆ, ಸಿಕ್ಕಿತ್ತಪ್ಪ ಎಂದು ಹೇಳುವುದು ಹೇಗೆ, ಸಿಕ್ಕಿತ್ತು, ನಾನೇ — ಗಾಳಿ ಬಂತು, ಗೂಟ ಮುಗಿದ ಮೇಲೂ ಗೇಣುದ್ದ ಮೇಲಕ್ಕೆ ನಿಂತಿದೆ ಕುಡಿ, ಬಾಡಿಲ್ಲ, ಕೆಳಗೆ ಕಡಿದುಹೋದದ್ದು ಅದಕ್ಕಿನ್ನೂ ಗೊತ್ತಾಗಿಲ್ಲ, ಮೆಲ್ಲಗೆ ಆ ಕಡೆ ಬಾಗುತ್ತದೆ, ಈ ಕಡೆ ಬಾಗುತ್ತದೆ, ದಾರ ಹುಡುಕುತ್ತಿದೆ, ಇನ್ನೂ ಹುಡುಕುತ್ತಿದೆ